ಮೋಟ್ರಿಗೆ ಸ್ಟಾರ್ಟರ್, ಅಡುಗೆಮನೆಗೆ ಟೇಪು

ಅಕ್ಕಂದಿರಾ, ಅತ್ತಿಗೆಯರಾ, ಪಕ್ಕದ್ಮನೆ ದೊಡ್ಡಮ್ಮಗಳಾ,

ಈ ಸಲ ಹಪ್ಪಳ ಸಂಡಿಗೆ ವಿಚಾರ ಬರೀತೀನಿ ಅಂದಿದ್ದೆ. ಅದು ಮುಂದಿನ ಸಲಕ್ಕಿರ್ಲಿ. ನಮ್ಮತ್ತೆ ಬಲಗೈ ಮಣಿಕಟ್ಟಿಗೆ ಹಾಕಿರೋ ಬ್ಯಾಂಡೇಜು ಬಿಚ್ಚಾಕೆ ಇನ್ನೂ ಹತ್ತು ದಿವ್ಸ ಐತೆ. ಹಿಟ್ಟು ನಾದೋ ಕೈಯೇ ಅದು. ಅದು ನೆಟ್ಟಗಾಗೋ ತಂಕ ನಂಗೆ ಹಪ್ಪಳದ ಮಾತು ಬಾಯಿಗೆ ಬರಲ್ಲ. ಇವತ್ತು ಬರೀತಿರೋದು ಅಂಗೈಯಗಲದ ಒಂದು ಫ್ಯಾನಿನ ವಿಚಾರ. ನಗಬೇಡಿ. ಅಂಗೈಯಗಲದ್ದೇ ಆದ್ರೂ ನಮ್ಮನೇಲಿ ಎರಡು ಬ್ಯಾಟ್ರಿ ತಿಂದು, ಒಂದು ಕೈ ಮುರೀತು. ನಿಮ್ಮ ಮನೇಲೂ ಇಂಥದ್ದೊಂದು ಎಲ್ಲೋ ಕಿಟ್ಕಿಗೆ ಕಟ್ಕೊಂಡು ತಿರುಗ್ತಿರ್ತೈತೆ ಅಂತ ನಂಗೆ ಗೊತ್ತು, ಯಾಕಂದ್ರೆ ಹೋದ ತಿಂಗಳಿಂದ ಹೋದ್ ಹೋದ ಮನೇಲೆಲ್ಲ ಮೊದ್ಲು ನಾನು ಅಡುಗೆಮನೆ ಕಿಟ್ಕಿ ನೋಡ್ತಿದೀನಿ.

ನಮ್ಕಡೆ ಅಡುಗೆಮನೆ ಎಂಗಿರ್ತೈತೆ ಅಂತ ನಿಮಗೆ ಹೇಳೋದೇನೂ ಬೇಡ. ಗ್ಯಾಸ್ ಬಂದೈತೆ ನಿಜ. ಆದ್ರೆ ಮಟ್ಟೆ, ಸೋಗೆ, ಚಿಪ್ಪು ಹಿತ್ತಲಲ್ಲಿ ರಾಶಿ ಬಿದ್ದಿರೋವಾಗ ಮುದ್ದೆಗೆ ಎಸರಿಡಾಕೆ, ನೀರು ಕಾಯ್ಸಾಕೆ ಯಾರು ಸಿಲಿಂಡರ್ ತಿರುಗಿಸ್ತಾರೆ? ಒಲೆ ಉರಿದೇ ಉರೀತೈತೆ. ಮೇಲೆ ಅಟ್ಟ, ಅಟ್ಟದ ಮೇಲೆ ಉಂಡೆಕೊಬ್ಬರಿಗೆ ಅಂತ ವರ್ಷಗಟ್ಲೆ ಒಣಗಾಕೆ ಹಾಕಿರೋ ಕಾಯಿ, ಕೆಳಗೆ ನಾವು. ಆ ಕಾವಲ್ಲಿ ರೊಟ್ಟಿ ತಟ್ಟಿದ್ರೆ ಬೆನ್ನಲ್ಲಿ ಕಾಲುವೆ ಹರೀತೈತೆ. ಅದಕ್ಕೇ ಹೋದ ವರ್ಷ ಯುಗಾದಿ ಹೊತ್ಗೆ ನನ್ ಮೈದ ತಿಪಟೂರಿಂದ ಹಳೇ ಕಂಪ್ಯೂಟರಿನ ಫ್ಯಾನೊಂದು ತಂದಾಗ ನಾನೇ ಮೊದ್ಲು ಖುಷಿಪಟ್ಟಿದ್ದು. ಅದರ ಬೆನ್ಮೇಲೆ ಬರ್ದಿತ್ತು: 12 ವೋಲ್ಟ್, 0.18 ಆಂಪಿಯರ್. ಅಂದ್ರೆ ಎರಡು ವ್ಯಾಟ್ ಚಿಲ್ರೆ. ಇರುವೆ ಊಟ.

ಆ ಇರುವೆಗೆ ಊಟ ಎಲ್ಲಿಂದ ಹಾಕ್ತೀವಿ ಅನ್ನೋದೇ ಈ ಬರಹದ ವಿಚಾರ. ನಮ್ಮ ಮನೆ ಗೋಡೇಲಿ ಇರೋದು 230 ವೋಲ್ಟು. ಇನ್ವರ್ಟರ್ ಹತ್ರ ಎರಡು ಬ್ಯಾಟ್ರಿ ಸೇರಿ 24 ವೋಲ್ಟು. ಫ್ಯಾನಿಗೆ ಬೇಕಾಗಿರೋದು 12. ಮೇಲಿನ ಕರೆಂಟನ್ನ ಕೆಳಗಿಳಿಸ್ಬೇಕು. ಇಳಿಸಾಕೆ ಒಂದು ಸರಿಯಾದ ದಾರಿ ಐತೆ, ನೂರೆಂಟು ಅಡ್ಡದಾರಿ ಅವೆ. ನಮ್ಮನೇಲಿ ಮೂರು ಅಡ್ಡದಾರಿ ನೋಡಿದ್ವಿ.

ಮೊದಲ್ನೇದು ಬ್ಯಾಟ್ರಿ ದಾರಿ. ಎರಡು ಬ್ಯಾಟ್ರಿ ಒಂದರ ಹಿಂದೊಂದು ಕಟ್ಟಿ 24 ಆಗಿರ್ತೈತಲ್ಲ, ಅದರಲ್ಲಿ ಒಂದರಿಂದ ಮಾತ್ರ ಎರಡು ವೈರು ಎಳೆದ್ರೆ 12 ಸಿಕ್ತು ಅಂತ ನನ್ ಮೈದ ಬಲು ಜಾಣತನ ಮಾಡ್ದ. ಫ್ಯಾನು ಚೆಂದಾಗಿ ತಿರುಗ್ತು. ನಾವೆಲ್ಲ ಹೊಗಳಿದ್ವಿ. ಜೋಡಿ ಎತ್ತಿನ ಗಾಡೀಲಿ ಒಂದೇ ಎತ್ತಿನ ಹೆಗಲ ಮೇಲೆ ದಿನಾ ಒಂದು ಚೀಲ ಜಾಸ್ತಿ ಹೇರಿದ್ರೆ ಏನಾಗ್ತೈತೋ ಅದೇ ಆಯ್ತು. 0.18 ಆಂಪಿಯರ್ ಅಂದ್ರೆ ಹಗಲೂ ರಾತ್ರಿ ತಿರುಗಿದ್ರೆ ದಿನಕ್ಕೆ 4 ಆಂಪ್-ಅವರ್ ಮೇಲೆ, ಬರೀ ಒಂದೇ ಬ್ಯಾಟ್ರಿಯಿಂದ. ಚಾರ್ಜ್ ಮಾಡೋ ಇನ್ವರ್ಟರಿಗೆ ಎರಡೂ ಸೇರಿಸಿದ ಮೊತ್ತ ಮಾತ್ರ ಕಾಣ್ತೈತೆ, ಯಾವುದು ಹಸಿದೈತೆ ಯಾವುದು ಹೊಟ್ಟೆ ತುಂಬೈತೆ ಅಂತ ಕಾಣಲ್ಲ. ತುಂಬಿರೋದಕ್ಕೆ ಮತ್ತೂ ತುಂಬಿ ಅದರ ನೀರು ಕುದ್ದು ಆವಿಯಾಗಿ ಹೋಯ್ತು. ಹಸಿದಿರೋದು ಅರೆಹೊಟ್ಟೇಲೇ ಇದ್ದು ಒಳಗೆ ಪ್ಲೇಟು ಗಟ್ಟಿಯಾಯ್ತು. ಕಾರ್ತಿಕಕ್ಕೆ ಕರೆಂಟ್ ಹೋದ್ರೆ ಕಾಲುಗಂಟೆ ದೀಪ ನಿಲ್ತಿರ್ಲಿಲ್ಲ. ಮಗ ಮೊಬೈಲ್ ಬೆಳಕಲ್ಲಿ ಓದ್ಕೊಂಡ. ಎರಡು ಬ್ಯಾಟ್ರಿಗೆ ಇಪ್ಪತ್ತೆಂಟು ಸಾವಿರ ಬಿತ್ತು. ಎರಡು ವ್ಯಾಟಿನ ಫ್ಯಾನಿಗೆ ಇಪ್ಪತ್ತೆಂಟು ಸಾವಿರ!

ಎರಡನೇದು ರೆಸಿಸ್ಟರ್ ದಾರಿ. ಊರಿನ ವೈರಿಂಗ್ ಹುಡುಗ ಬಂದು, "ಅಕ್ಕ, ಮಧ್ಯ ಒಂದು ರೆಸಿಸ್ಟೆನ್ಸ್ ಹಾಕ್ಬಿಟ್ರೆ 230ರಲ್ಲೇ ಓಡ್ತೈತೆ" ಅಂದ. ಪುಣ್ಯಕ್ಕೆ ಅವತ್ತು ಸಂಕ್ರಾಂತಿಗೆ ಅಂತ ಚಿಕ್ನಾಯ್ಕನಳ್ಳಿಯಿಂದ ನಮ್ಮಕ್ಕನ ಮಗಳು ಬಂದಿದ್ಲು. ಡಿಪ್ಲೊಮಾ ಓದ್ತಿರೋ ಹುಡ್ಗಿ. ಎಳ್ಳು-ಬೆಲ್ಲದ ಪೊಟ್ಟಣದ ಹಿಂದೇನೇ ಲೆಕ್ಕ ಹಾಕಿದ್ಲು. 230ರಲ್ಲಿ 12 ಕಳೆದ್ರೆ 218. ಅದನ್ನ 0.18ರಿಂದ ಗುಣಿಸಿದ್ರೆ 39 ವ್ಯಾಟು. "ಚಿಕ್ಕಮ್ಮ, ಫ್ಯಾನು ತಿನ್ನೋದು ಎರಡು, ರೆಸಿಸ್ಟರ್ ಸುಡೋದು ಮೂವತ್ತೊಂಬತ್ತು. ಹಳೇ ನಲವತ್ತರ ಬಲ್ಬು ಇತ್ತಲ್ಲ, ಅದರಷ್ಟು ಕಾವು, ಬೆರಳು ಗಾತ್ರದ ಒಂದು ಸಾಮಾನಲ್ಲಿ, ನಿಮ್ಮ ಕಾಯಿ ಅಟ್ಟದ ಕೆಳಗೆ" ಅಂದ್ಲು. ಒಣಗಿದ ನಾರಿನ ಮೇಲೆ ಕಿಡಿ ಬಿದ್ರೆ ಏನಾಗ್ತೈತೆ ಅಂತ ತೆಂಗಿನ ಸೀಮೆಯವ್ರಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಆ ದಾರಿ ಅಲ್ಲಿಗೇ ಮುಚ್ತು.

ಹುಡ್ಗಿ ಊರಿಗೆ ವಾಪಸ್ಸು ಹೋದ್ಮೇಲೆ ಮೂರನೇ ದಾರಿ ಬಂತು. ಇದೇ ಕಣ್ರೇ ಮನೆಹಾಳು ದಾರಿ. ಸೀಲಿಂಗ್ ಫ್ಯಾನು ನಿಧಾನ ಆದ್ರೆ ಬದಲಾಯಿಸ್ತೀವಲ್ಲ, 2.5 ಅಂತ ಬರ್ದಿರೋ ಕೆಪಾಸಿಟರ್, ಅದನ್ನ ಕರೆಂಟಿನ ದಾರೀಲಿ ಇಟ್ಟು, ನಾಕು ಡಯೋಡ್ ಹಾಕಿ, ನೇರ ಫ್ಯಾನಿಗೆ ಕೊಟ್ರು. 230 ವೋಲ್ಟಲ್ಲಿ ಆ ಕೆಪಾಸಿಟರ್ ಹೆಚ್ಚೂಕಮ್ಮಿ 0.18 ಆಂಪಿಯರನ್ನೇ ದಾಟಿಸ್ತೈತೆ. ಲೆಕ್ಕ ಸರಿಯಾಗೇ ಕೂತಿತ್ತು. ಬಿಸಿ ಇಲ್ಲ, ಸದ್ದಿಲ್ಲ, ಖರ್ಚಿಲ್ಲ. "ನೋಡಿ ಅತ್ತಿಗೆ, ಹನ್ನೆರಡೇ ವೋಲ್ಟು, ಮುಟ್ಟಿದ್ರೂ ಏನೂ ಆಗಲ್ಲ" ಅಂತ ಮುಟ್ಟಿ ತೋರಿಸ್ದ. ಏನೂ ಆಗ್ಲಿಲ್ಲ. ಎರಡು ತಿಂಗಳು ಏನೂ ಆಗ್ಲಿಲ್ಲ.

ಈ ಯುಗಾದಿಗೆ ಧೂಳು ಹೊಡೆಯೋವಾಗ ನಾನೇ ಆ ಪ್ಲಗ್ ಕಿತ್ತೆ. ಒರೆಸಿ ಮತ್ತೆ ನಾನೇ ಹಾಕಿದೆ. ಎರಡು ಪಿನ್ನಿನ ಪ್ಲಗ್ಗು, ಎಡ ಬಲ ಅಂತ ಗುರ್ತಿರಲ್ಲ. ನಾನು ಹಾಕಿದ್ದು ಉಲ್ಟಾ. ಫ್ಯಾನು ಮಾತ್ರ ಮೊದ್ಲಿನಂಗೇ ತಿರುಗ್ತು, ಯಾಕಂದ್ರೆ ಆ ಡಯೋಡು ಇರೋದೇ ಹಂಗೆ, ಯಾವ ಕಡೆಯಿಂದ ಕೊಟ್ರೂ ಫ್ಯಾನಿಗೆ ಒಂದೇ. ಮಾರನೇ ದಿವ್ಸ ಅತ್ತೆ ಕಿಟ್ಕಿ ಸರಳು ಜಿಡ್ಡಾಗೈತೆ ಅಂತ ಒದ್ದೆ ಮಸಿಬಟ್ಟೇಲಿ ಒರೆಸ್ತಾ ಇದ್ರು. ಎಣ್ಣೆ ಜಿಡ್ಡಿಗೆ, ಒಲೆ ಕಾವಿಗೆ, ಜಾಯಿಂಟಿಗೆ ಸುತ್ತಿದ್ದ ಟೇಪು ಬಿಟ್ಕೊಂಡಿತ್ತು. ಒಂದು ಕೈಯಲ್ಲಿ ಮಸಿಬಟ್ಟೆ, ಇನ್ನೊಂದು ಕೈ ಸಿಂಕಿನ ನಲ್ಲಿ ಮೇಲೆ. ಒಂದು ಸದ್ದು ಮಾಡಿದ್ರು, ಆ ಸದ್ದು ನಾನು ಮರಿಯಲ್ಲ. ಕೈ ಕಿತ್ಕೊಂಡು ಹಿಂದಕ್ಕೆ ಒಲೆಕಟ್ಟೆ ಮೇಲೆ ಬಿದ್ರು. ಕೈ ಕಿತ್ಕೊಂಡ್ ಬಂತಲ್ಲ ಅಂತ ಡಾಕ್ಟ್ರು ಹೇಳಿದ್ರು. ಕಿತ್ಕೊಂಡು ಬರ್ದೇ ಇದ್ದಿದ್ರೆ ನಾನು ಇವತ್ತು ಬೇರೆ ಥರದ್ದು ಬರೀಬೇಕಿತ್ತು.

ಮೂರು ರಾತ್ರಿ ನಿದ್ದೆ ಬರ್ಲಿಲ್ಲ. ಪ್ಲಗ್ ಹಾಕಿದ ಕೈ ನಂದೇ. ಹುಡ್ಗೀಗೆ ಫೋನ್ ಮಾಡಿ ಅತ್ತೆ. ಅವಳು ಬಂದು, ಪ್ಲಗ್ ಮೊದ್ಲಿದ್ದಂಗೆ ಒಂದ್ಸಲ, ತಿರುಗಿಸಿ ಒಂದ್ಸಲ ಹಾಕಿ, ಫ್ಯಾನಿನ ವೈರಿಗೆ ಟೆಸ್ಟರ್ ಇಟ್ಟು ತೋರಿಸಿದ್ಲು. ಒಂದು ಕಡೆ ಹಾಕಿದ್ರೆ ಟೆಸ್ಟರ್ ಸುಮ್ನಿತ್ತು. ತಿರುಗಿಸಿ ಹಾಕಿದ್ರೆ ನಿಗಿನಿಗಿ ಉರೀತು. ಆಮೇಲೆ ಹೇಳಿದ್ಲು, ಈ ಮಾತು ಎಲ್ರೂ ಕಿವಿಗೊಟ್ಟು ಕೇಳಿ: ಫ್ಯಾನಿನ ಎರಡು ವೈರಿನ ನಡುವೆ ಇರೋದು ಹನ್ನೆರಡೇ ವೋಲ್ಟು. ಆದ್ರೆ ಆ ವೈರಿಗೂ ನೀವು ನಿಂತಿರೋ ನೆಲಕ್ಕೂ ನಡುವೆ ಇರೋದು 230. ಫ್ಯಾನಿಗೆ ಹನ್ನೆರಡು ಗೊತ್ತಾಗ್ತೈತೆ, ನಿಮ್ಮ ಕೈಗೆ 230 ಗೊತ್ತಾಗ್ತೈತೆ.

ಇದೇ ನೋಡಿ ನಾನು ಹೇಳಬೇಕಿರೋ ಮಾತು. "ಹನ್ನೆರಡು ವೋಲ್ಟಿನ ಫ್ಯಾನು, ಏನಾಗ್ತೈತೆ?" ಅನ್ನೋ ಮಾತು ಸುಳ್ಳು. ಫ್ಯಾನಿನ ಬೆನ್ಮೇಲೆ ಬರ್ದಿರೋದು ಅದರ ಹಸಿವು ಎಷ್ಟು ಅಂತ. ಅದಕ್ಕೆ ಊಟ ಎಲ್ಲಿಂದ ಬರ್ತೈತೆ, ಯಾವ ದಾರೀಲಿ ಬರ್ತೈತೆ ಅಂತ ಅಲ್ಲಿ ಬರ್ದಿರಲ್ಲ. ನಮ್ಮ ಜೀವ ಇರೋದು ಆ ದಾರೀಲಿ.

ತೋಟದಲ್ಲಿ ಇದು ಎಲ್ಲಾ ಗಂಡಸ್ರಿಗೂ ಗೊತ್ತು. ಬೋರಿನ ಮೋಟ್ರು ನೀರನ್ನ ನೇರ ಡ್ರಿಪ್ ಪೈಪಿಗೆ ಪೂರಾ ರಭಸದಲ್ಲಿ ಬಿಡ್ತಾರಾ? ಬಿಟ್ರೆ ಪೈಪು ಕಿತ್ಕೊಂಡು ತೆಂಗಿನ ಬುಡದಲ್ಲಿ ಕುಣೀತೈತೆ. ಬೈಪಾಸ್ ವಾಲ್ವ್ ಇಟ್ಟು, ಫಿಲ್ಟರ್ ಇಟ್ಟು, ಮೀಟರ್ ನೋಡ್ಕೊಂಡು ರಭಸ ಇಳಿಸ್ತಾರೆ. ಆ ಬುದ್ಧಿ ಹೊಸ್ತಿಲು ದಾಟಿ ಅಡುಗೆಮನೆಗೆ ಬರೋವಷ್ಟರಲ್ಲಿ ಎಲ್ಲಿ ಹೋಗ್ತೈತೆ?

ಮೋಟ್ರು ಮನೆ ಒಳಗೆ ಒಂದ್ಸಲ ಹೋಗಿ ನೋಡಿ. ಸ್ಟಾರ್ಟರ್ ಐತೆ, ವೋಲ್ಟ್ ಮೀಟರ್ ಐತೆ, ಆಂಪ್ ಮೀಟರ್ ಐತೆ, ಒಂದು ಫೇಸು ಹೋದ್ರೆ ಮೋಟ್ರು ನಿಲ್ಸೋ ಪ್ರಿವೆಂಟರ್ ಐತೆ, ಮನೇಲಿ ಕೂತು ಫೋನಲ್ಲೇ ಆನ್ ಮಾಡೋ ಸ್ಟಾರ್ಟರ್ ಬೇರೆ. ಮೋಟ್ರು ಸುಟ್ರೆ ರಿವೈಂಡಿಂಗ್ ಖರ್ಚು ಐತಲ್ಲ, ಅದಕ್ಕೆ ಅಷ್ಟು ಜ್ವಾಪಾನ. ಬೇಡ ಅಂತ ನಾನು ಹೇಳಲ್ಲ, ಆ ಮೋಟ್ರಿಂದಲೇ ನಮ್ಮ ತೆಂಗು, ತೆಂಗಿಂದಲೇ ನಾವು. ಆದ್ರೆ ಅಡುಗೆಮನೇಲಿ ಕೆಲ್ಸ ಮಾಡೋ ಹೆಂಗಸು ಸುಟ್ರೆ ರಿವೈಂಡಿಂಗ್ ಎಲ್ಲಿ ಮಾಡಿಸ್ತೀರಾ? ಮೋಟ್ರಿಗೆ ಸ್ಟಾರ್ಟರ್, ಅಡುಗೆಮನೆಗೆ ಟೇಪು. ಇದು ಯಾವ ನ್ಯಾಯ?

ಫೋನಿನ ಮಾತು ತಗೊಳ್ಳಿ. ಅದಕ್ಕೆ ಬೇಕಿರೋದು 5 ವೋಲ್ಟು. ಅದನ್ನೂ ಇದೇ 230ರಿಂದಲೇ ಇಳಿಸ್ಬೇಕು. ಯಾವನಾದ್ರೂ ತನ್ನ ಫೋನಿಗೆ ಸೀಲಿಂಗ್ ಫ್ಯಾನಿನ ಕೆಪಾಸಿಟರ್ ಕಟ್ಟಿ ಚಾರ್ಜ್ ಮಾಡ್ಕೊಂಡಿದ್ದು ನೋಡಿದೀರಾ? ಇಲ್ಲ. "ಒರಿಜಿನಲ್ ಚಾರ್ಜರೇ ಬೇಕು, ಡೂಪ್ಲಿಕೇಟ್ ಹಾಕಿದ್ರೆ ಬ್ಯಾಟ್ರಿ ಹಾಳಾಗ್ತೈತೆ" ಅಂತಾರೆ. ಫೋನಿನ ಬ್ಯಾಟ್ರಿಗೆ ಇರೋ ಮರ್ಯಾದೆ ಅತ್ತೆ ಕೈಗೆ ಇಲ್ವಾ?

ಆ ಚಾರ್ಜರ್ ಮಾಡೋ ಕೆಲಸಾನೇ ಸರಿಯಾದ ದಾರಿ. ಅದರ ಒಳಗೆ ಎರಡು ತಂತಿ ಸುರುಳಿ ಇರ್ತವೆ, ಒಂದಕ್ಕೊಂದು ತಾಗದಂಗೆ. ಒಂದರಲ್ಲಿ ಕರೆಂಟು ಏರಿಳಿದ್ರೆ ಪಕ್ಕದಲ್ಲಿರೋದ್ರಲ್ಲಿ ತಾನೇ ಕರೆಂಟು ಹುಟ್ಟೋದನ್ನ 1831ರಲ್ಲಿ ಮೈಕಲ್ ಫ್ಯಾರಡೆ ಅನ್ನೋವ್ರು ಕಂಡುಹಿಡಿದ್ರು. ತಂತಿ ತಾಗಲ್ಲ, ಶಕ್ತಿ ಮಾತ್ರ ದಾಟ್ತೈತೆ. ಕಾಂಪೌಂಡ್ ಗೋಡೆ ಮೇಲಿಂದ ಪಕ್ಕದ್ಮನೆಯವ್ರಿಗೆ ಒಂದು ಬಟ್ಟಲು ಸಾರು ಕೊಟ್ಟಂಗೆ. ಸಾರು ದಾಟ್ತು, ಅವರ ಮನೆ ನಾಯಿ ದಾಟ್ಲಿಲ್ಲ. ಗೋಡೆ ಇರ್ದೇ ಇರೋದೇ ಆ ಕೆಪಾಸಿಟರ್ ದಾರಿ ದೋಷ.

ಅದಕ್ಕೆ ನಾವು ಈಗ ಮಾಡಿರೋದು ಇಷ್ಟೇ. ಮನೇಲಿ ಹಳೇ ವೈಫೈ ಡಬ್ಬಿದೊಂದು ಅಡಾಪ್ಟರ್ ಬಿದ್ದಿತ್ತು. ಅದರ ಮೇಲೆ ಔಟ್‌ಪುಟ್ 12 ವೋಲ್ಟ್ ಡಿಸಿ, 1 ಆಂಪಿಯರ್ ಅಂತ ಬರ್ದಿತ್ತು. ಅದನ್ನ ಇನ್ವರ್ಟರ್ ಲೈನಿನ ಪ್ಲಗ್ಗಿಗೆ ಹಾಕಿ ಫ್ಯಾನಿಗೆ ಕೊಟ್ವಿ. ಕರೆಂಟ್ ಹೋದ್ರೂ ತಿರುಗ್ತೈತೆ, ಎರಡು ಬ್ಯಾಟ್ರಿ ಮೇಲೂ ಸಮನಾಗಿ ಭಾರ ಬೀಳ್ತೈತೆ. "0.18 ಬೇಕಿರೋ ಕಡೆ 1 ಆಂಪಿಯರ್ ಕೊಟ್ರೆ ಸುಟ್ಟೋಗಲ್ವಾ?" ಅಂತ ನಮ್ಮಮ್ಮ ಕೇಳಿದ್ರು. ಇಲ್ಲ. ಆಂಪಿಯರ್ ಅನ್ನೋದು ಪಾತ್ರೇಲಿ ಎಷ್ಟು ಸಾರೈತೆ ಅಂತ, ಉಣ್ಣೋರು ಹೊಟ್ಟೆಗೆ ಬೇಕಾದಷ್ಟೇ ಬಡಿಸ್ಕೊಳ್ತಾರೆ. ವೋಲ್ಟ್ ಮಾತ್ರ ಸರಿಯಾಗಿ ಕೂಡ್ಬೇಕು, 12ಕ್ಕೆ 12. ಕೆಂಪು ವೈರು ಪ್ಲಸ್ಸು, ಕಪ್ಪು ಮೈನಸ್ಸು.

ಹೊಸದು ಕೊಳ್ಳೋದಾದ್ರೆ ಅಡಾಪ್ಟರ್ ಮೇಲೆ ಬಿಐಎಸ್ ಗುರ್ತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗೋ ನೋಂದಣಿ ನಂಬರು ಐತಾ ನೋಡಿ. ಕೇಂದ್ರ ಸರ್ಕಾರದ ಆದೇಶದಿಂದ ಇಂಥ ಅಡಾಪ್ಟರ್‌ಗಳಿಗೆ ನೋಂದಣಿ ಕಡ್ಡಾಯ ಆಗೈತೆ. ಸಂತೇಲಿ ಗುಡ್ಡೆ ಹಾಕಿ ಮಾರೋ ಹೆಸರಿಲ್ಲದ್ದು ತರಬೇಡಿ. ಅದರೊಳಗೆ ಗೋಡೆ ಐತೋ ಇಲ್ವೋ ಹೊರಗಿಂದ ಕಾಣಲ್ಲ.

ಬ್ಯಾಟ್ರಿಯಿಂದಲೇ ನೇರ ಕೊಡ್ಬೇಕು ಅನ್ನೋರು, 24ನ್ನ 12 ಮಾಡೋ ಡಿಸಿ ಕನ್ವರ್ಟರ್ ಸಿಗ್ತೈತೆ, ಅದನ್ನ ಎರಡೂ ಬ್ಯಾಟ್ರಿ ಸೇರಿದ ಎರಡು ತುದಿಗೆ ಫ್ಯೂಸ್ ಹಾಕಿ ಕೊಡ್ಲಿ. ಮಧ್ಯದಿಂದ ಎಳೆಯೋದು ಬೇಡ. ಸೋಲಾರ್ ಇರೋ ಮನೆಯವ್ರು ಪ್ಯಾನೆಲ್‌ನಿಂದ ನೇರ ಫ್ಯಾನಿಗೆ ಕೊಡಬೇಡಿ. 12 ವೋಲ್ಟಿನ ಪ್ಯಾನೆಲ್ ಅಂತ ಹೆಸರೇ ಹೊರ್ತು ಬಿಸಿಲಲ್ಲಿ ಸುಮ್ನೆ ಬಿಟ್ರೆ 20 ದಾಟ್ತೈತೆ. ಚಾರ್ಜ್ ಕಂಟ್ರೋಲರಲ್ಲಿ ಲೋಡ್ ಅಂತ ಬರ್ದಿರೋ ಕಡೆಯಿಂದ ಕೊಡ್ಬೇಕು. ಎರಡು ಫ್ಯಾನ್ ಹಿಂದೆಮುಂದೆ ಕಟ್ಟಿ 24ಕ್ಕೆ ಹಾಕೋ ಐಡಿಯಾನೂ ಬೇಡ. ಅವು ಅಕ್ಕ-ತಂಗೀರಂಗೆ ಸಮ ಹಂಚ್ಕೊಳ್ಳಲ್ಲ, ಒಂದು ಜಾಸ್ತಿ ಎಳ್ಕೊಂಡು ಸುಟ್ಟೋಗ್ತೈತೆ.

ಇದಕ್ಕೆ ಗಂಡಸ್ರು ಹೇಳೋ ಮಾತೆಲ್ಲ ನಂಗೆ ಗೊತ್ತು. ಒಂದೊಂದಾಗಿ ಹೇಳ್ಬಿಡ್ತೀನಿ.

"ಗೃಹಜ್ಯೋತಿ ಬಂದೈತೆ, 200 ಯೂನಿಟ್ ತಂಕ ಕರೆಂಟ್ ಪುಕ್ಸಟ್ಟೆ, 39 ವ್ಯಾಟ್ ಹೋದ್ರೆ ಹೋಗ್ಲಿ." 2023ರಿಂದ ಬಿಲ್ಲು ಇಲ್ಲ ನಿಜ, ಆದ್ರೆ ಪುಕ್ಸಟ್ಟೆ ಆಗಿರೋದು ದುಡ್ಡು, ಬೆಂಕಿ ಅಲ್ಲ. 39 ವ್ಯಾಟು ಹಗಲೂ ರಾತ್ರಿ ಉರಿದ್ರೆ ತಿಂಗಳಿಗೆ 28 ಯೂನಿಟ್ಟು, ಅಷ್ಟೂ ಕಾವಾಗಿ ನಮ್ಮ ಅಡುಗೆಮನೇಲೇ ಬೀಳ್ತೈತೆ. ತಂಪು ಮಾಡಾಕೆ ಅಂತ ಇಟ್ಟ ಫ್ಯಾನು ಕಾವು ಹೆಚ್ಚಿಸಿದಂಗಾಯ್ತು.

"ಎಂಸಿಬಿ ಐತಲ್ಲ, ಬಿದ್ದೋಗ್ತೈತೆ." ಅತ್ತೆಗೆ ಕರೆಂಟ್ ಹೊಡೆದಾಗ ನಮ್ಮ ಎಂಸಿಬಿ ಬೀಳ್ಲಿಲ್ಲ. ಅದು ಬೀಳೋದು ಹತ್ತಾರು ಆಂಪಿಯರ್ ಹರಿದಾಗ, ಅದು ವೈರು ಉಳಿಸಾಕೆ ಇರೋದು. ಮನುಷ್ಯರ ಜೀವಕ್ಕೆ ಅದರ ಸಾವಿರದ ಒಂದು ಪಾಲು ಲೆಕ್ಕದಲ್ಲೇ ಅಪಾಯ. ಅದಕ್ಕೆ ಅಂತಲೇ 30 ಮಿಲಿ ಆಂಪಿಯರಿಗೆ ಬೀಳೋ ಆರ್‌ಸಿಸಿಬಿ ಅಂತ ಬೇರೆ ಐತೆ. ಅದನ್ನ ಹಾಕಿಸಿ. ನಾವು ಈಗ ಹಾಕ್ಸಿದೀವಿ, ಕೈ ಮುರಿದ್ಮೇಲೆ.

"ಇದೆಲ್ಲ ಹೆಂಗಸ್ರಿಗ್ಯಾಕೆ?" ಯಾಕಂದ್ರೆ ಒದ್ದೆ ಬಟ್ಟೇಲಿ ಒರೆಸೋರು ಹೆಂಗಸ್ರು. ಪ್ಲಗ್ ಕಿತ್ತು ಹಾಕೋರು ಹೆಂಗಸ್ರು. ಟೇಪು ಸುತ್ತಿದೋನು ಕಟ್ಟೆ ಮೇಲೆ ಕೂತಿರ್ತಾನೆ.

"ಮನೆಮಗ ಪ್ರೀತಿಯಿಂದ ಮಾಡ್ಕೊಟ್ಟಿದ್ದು." ಇದೊಂದು ಮಾತಿಗೆ ನಾನೂ ತಲೆ ಬಗ್ಗಿಸ್ತೀನಿ. ನನ್ ಮೈದ ಕೆಟ್ಟೋನಲ್ಲ. ಅಮ್ಮನ್ನ ಆಸ್ಪತ್ರೆಗೆ ಹೊತ್ಕೊಂಡು ಹೋದೋನು ಅವನೇ, ಹೊರಗೆ ನಿಂತು ಅತ್ತೋನೂ ಅವನೇ. ಆದ್ರೆ ಪ್ರೀತಿಗೆ ಇನ್ಸುಲೇಶನ್ ಇರಲ್ಲ ಕಣಪ್ಪ ಅಂತ ಅವನಿಗೂ ಹೇಳಿದೀನಿ. ಬೇಜಾರು ಮಾಡ್ಕೊಳ್ಲಿಲ್ಲ. ಆ ಕೆಪಾಸಿಟರ್ ತಾನೇ ಕಿತ್ತು ತಿಪ್ಪೆಗೆ ಎಸೆದ.

ಇನ್ನೊಂದು ಮಾತೂ ಒಪ್ಕೋಬೇಕು. ಕಂಪ್ಯೂಟರ್ ಫ್ಯಾನು ಅಂಗೈಯಗಲದ ಗಾಳಿ ಕೊಡ್ತೈತೆ. ಮುಖಕ್ಕೆ ಸಾಕು, ಇನ್ವರ್ಟರ್ ಇಟ್ಟಿರೋ ಬೀರು ತಂಪಾಗಾಕೆ ಸಾಕು. ಮಟ್ಟೆ ಒಲೆ ಹೊಗೆ ಎಳೆಯಾಕೆ ಅದರಿಂದ ಆಗಲ್ಲ. ಅದಕ್ಕೆ 230ಕ್ಕೇ ಅಂತ ಮಾಡಿರೋ ಎಕ್ಸಾಸ್ಟ್ ಫ್ಯಾನೇ ಬೇಕು, ಮೂರು ಪಿನ್ನು, ಅರ್ಥಿಂಗ್ ಸಮೇತ. ಅದಕ್ಕೆ ಏನೂ ಇಳಿಸೋ ತಾಪತ್ರಯವೇ ಇಲ್ಲ. ನಿಜ ಹೇಳ್ಬೇಕಂದ್ರೆ ನಮಗೆ ಮೊದಲ ದಿನದಿಂದ ಬೇಕಿದ್ದಿದ್ದು ಅದೇ. ಕೇಳಾಕೆ ನಾಚ್ಕೊಂಡು, ಸಿಕ್ಕಿದ ಹಳೇ ಫ್ಯಾನಿಗೆ ಖುಷಿಪಟ್ವಿ. ಆ ತಪ್ಪು ನಂದೂ ಐತೆ.

ನಮ್ಮ ಜಿಲ್ಲೇಲೇ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಐತೆ. ಇಷ್ಟು ಕರೆಂಟ್ ಹುಟ್ಟೋ ಜಿಲ್ಲೆ ಹೆಣ್ಣುಮಕ್ಕಳು ಎರಡು ವ್ಯಾಟು ಗಾಳಿಗೆ ಜೀವ ಒತ್ತೆ ಇಡ್ಬೇಕಾ?

ಅದಕ್ಕೆ ಇವತ್ತು ಸಾಯಂಕಾಲ ಒಲೆ ಹಚ್ಚೋಕೆ ಮುಂಚೆ ಒಂದು ಕೆಲ್ಸ ಮಾಡಿ. ನಿಮ್ಮ ಅಡುಗೆಮನೇಲಿ, ಬಚ್ಚಲಲ್ಲಿ, ದನದ ಕೊಟ್ಟಿಗೇಲಿ ಸಣ್ಣ ಫ್ಯಾನು, ಸಣ್ಣ ದೀಪ ಏನೈತೆ ನೋಡಿ. ಅದರ ವೈರು ಹಿಡ್ಕೊಂಡಲ್ಲ, ಕಣ್ಣಲ್ಲೇ ಹಿಂಬಾಲಿಸ್ಕೊಂಡು ಹೋಗಿ. ತುದೀಲಿ ಅಡಾಪ್ಟರ್ ಇದ್ರೆ ಸರಿ. ಟೇಪು ಸುತ್ತಿದ ಗಂಟು, ಬಿಡಿ ಕೆಪಾಸಿಟರ್ರು, ಬಿಡಿ ಬೋರ್ಡು ಇದ್ರೆ ಅದನ್ನ ಮುಟ್ಟಬೇಡಿ, ಪ್ಲಗ್ಗಿಗೂ ಕೈ ಹಾಕ್ಬೇಡಿ. ಮೇನ್ ಆಫ್ ಮಾಡ್ಸಿ, ಯಾರು ಕಟ್ಟಿದ್ರೋ ಅವರನ್ನೇ ಕರ್ದು ಬಿಚ್ಚಿಸಿ. "ಹನ್ನೆರಡೇ ವೋಲ್ಟು" ಅಂದ್ರೆ, "ಹಂಗಾದ್ರೆ ನಿನ್ನ ಫೋನಿಗೂ ಇದನ್ನೇ ಕಟ್ಕೋ" ಅನ್ನಿ. ಆಮೇಲೆ ಮಾತು ಬರಲ್ಲ.

ಅತ್ತೆ ಈಗ ಜಗಲಿ ಮೇಲೆ ಕೂತು ಎಡಗೈಯಲ್ಲಿ ಅವರೆಕಾಳು ಬಿಡಿಸ್ತಾ ಅವ್ರೆ. ನಾನು ಏನು ಬರೀತಿದೀನಿ ಅಂತ ಕೇಳಿದ್ರು. ಓದಿ ಹೇಳ್ದೆ. ಪೂರಾ ಕೇಳಿ, "ಅದೆಲ್ಲ ಸರಿ, ಎಕ್ಸಾಸ್ಟ್ ಫ್ಯಾನು ಯಾವಾಗ ಬರ್ತೈತೆ ಅಂತ ಬರ್ದಿಲ್ವಲ್ಲ" ಅಂದ್ರು. ಕೊಬ್ಬರಿ ಹಾಕಿದ ದುಡ್ಡು ಬಂದ ಕೂಡ್ಲೇ ಅಂತ ನಮ್ಮನೆಯವ್ರು ಒಳಗಿಂದ ಕೂಗಿದ್ರು. ನೀವೆಲ್ಲ ಸಾಕ್ಷಿ ಅಂತ ಇಲ್ಲಿ ಬರ್ದಿಟ್ಟಿದೀನಿ.